ಪಂಚ್‌ಗೆ ತೂಕ ಬರಬೇಕೆಂದರೆ ಪಾದದಿಂದ ಶುರು ಮಾಡಿ: ಬಾಕ್ಸಿಂಗ್ ಹೊಡೆತದ ಸಮಗ್ರ ಮಾರ್ಗದರ್ಶಿ

ತಿಂಗಳುಗಟ್ಟಲೆ ಬ್ಯಾಗ್‌ಗೆ ಗುದ್ದಿದರೂ ಪೆಟ್ಟಿಗೆ ತೂಕ ಬರುತ್ತಿಲ್ಲ ಎನ್ನುವವರು ತುಂಬಾ ಜನ. ಪುಷ್‌ಅಪ್ ಜಾಸ್ತಿ ಮಾಡುತ್ತಾರೆ, ಡಂಬೆಲ್ ಎತ್ತುತ್ತಾರೆ, ಹಲ್ಲು ಕಚ್ಚಿಕೊಂಡು ಇನ್ನೂ ಜೋರಾಗಿ ಹೊಡೆಯುತ್ತಾರೆ. ಬ್ಯಾಗ್ ಸುಮ್ನೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಭುಜ ಸೋಲುತ್ತದೆ, ಮಣಿಕಟ್ಟು ನೋಯುತ್ತದೆ, ಪೆಟ್ಟು ಮಾತ್ರ ಮೆತ್ತಗೇ ಇರುತ್ತದೆ.

ಹೆಚ್ಚಿನವರಲ್ಲಿ ಕೊರತೆ ಇರುವುದು ತೋಳಿನ ಬಲದಲ್ಲಲ್ಲ, ಕ್ರಮದಲ್ಲಿ. ಹೊಡೆತ ನೆಲದಿಂದ ಹೊರಡಬೇಕು. ಕಾಲು, ಸೊಂಟ, ಬೆನ್ನು, ಭುಜ ದಾಟಿ ಮುಷ್ಟಿಗೆ ಕೊನೆಯಲ್ಲಿ ಬರಬೇಕು. ಮುಷ್ಟಿಯೇ ಮೊದಲು ಹೊರಟುಬಿಟ್ಟರೆ ಉಳಿದ ಮೈಯೆಲ್ಲ ಹಿಂದೆಯೇ ಉಳಿಯುತ್ತದೆ. 1985ರಲ್ಲಿ ಪ್ರಕಟವಾದ ಒಂದು ಸೋವಿಯತ್ ಅಧ್ಯಯನ ಬಲಗೈ ನೇರ ಹೊಡೆತವನ್ನು ಅಳೆದಿತ್ತು. ನುರಿತ ಬಾಕ್ಸರ್‌ಗಳಲ್ಲಿ ಕಾಲಿನ ಪಾಲು ಸುಮಾರು 38 ಶೇಕಡಾ ಇತ್ತು. ಕೆಳಗಿನ ದರ್ಜೆಯವರಲ್ಲಿ ಅದು 17 ಶೇಕಡಾವನ್ನೂ ಮುಟ್ಟಲಿಲ್ಲ, ಅವರು ತೋಳನ್ನೇ ಜಾಸ್ತಿ ನಂಬಿದ್ದರು.

ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಎಲ್ಲರೂ ನೇರವಾಗಿ ಬ್ಯಾಗ್ ಹತ್ತಿರ ಓಡುತ್ತಾರೆ, ಅದು ಇಲ್ಲಿ ಏಳನೇ ಹಂತ. ಬಲಗೈಯವರನ್ನು ಲೆಕ್ಕದಲ್ಲಿಟ್ಟು ಬರೆದಿದ್ದೇನೆ: ಎಡಗಾಲು ಮುಂದೆ, ಬಲಗಾಲು ಹಿಂದೆ. ಎಡಚರು ಎಡ-ಬಲ ಅದಲುಬದಲು ಮಾಡಿ ಓದಿಕೊಳ್ಳಿ.

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಹ್ಯಾಂಡ್ ರ‍್ಯಾಪ್: ದೊಡ್ಡವರಿಗೆ 4.5 ಮೀಟರ್ ಉದ್ದದ, ಸ್ವಲ್ಪ ಹಿಗ್ಗುವ ಪಟ್ಟಿ ಬೇಕು. ಗಿಡ್ಡ ಪಟ್ಟಿ ತಂದರೆ ಮಣಿಕಟ್ಟಿಗೆ ಸುತ್ತುವಷ್ಟರಲ್ಲಿ ಮುಗಿದುಹೋಗುತ್ತದೆ, ಗೆಣ್ಣಿಗೆ ಏನೂ ಉಳಿಯುವುದಿಲ್ಲ.

ಗ್ಲೌಸ್: ಬ್ಯಾಗ್ ಅಭ್ಯಾಸಕ್ಕೆ ನಿಮ್ಮ ಮೈತೂಕ ನೋಡಿಕೊಂಡು 12ರಿಂದ 16 ಔನ್ಸ್. ಮಣಿಕಟ್ಟಿನ ಭಾಗ ಗಟ್ಟಿಯಾಗಿ ಹಿಡಿಯಬೇಕು. ಹಾಕಿಕೊಂಡು ಕೈ ಮಡಚಿದಾಗ ಗ್ಲೌಸ್ ಬಾಗಿದರೆ ಅದನ್ನು ಬಿಟ್ಟುಬಿಡಿ. ತೆಳ್ಳಗಿನ ಗ್ಲೌಸ್‌ನಲ್ಲಿ ಶಬ್ದ ಚೆನ್ನಾಗಿ ಬರುತ್ತದೆ ಎಂದು ಆಸೆಪಡಬೇಡಿ, ಆ ಶಬ್ದಕ್ಕೆ ಗೆಣ್ಣು ಬೆಲೆ ಕೊಡುತ್ತದೆ.

ಬ್ಯಾಗ್: ನಿಮ್ಮ ಮೈತೂಕದ ಅರ್ಧದಷ್ಟು ಅಥವಾ ಸ್ವಲ್ಪ ಹೆಚ್ಚು. ಹೆಚ್ಚಿನವರಿಗೆ 30ರಿಂದ 45 ಕೆಜಿ ಸರಿಹೋಗುತ್ತದೆ. ಹಗುರ ಬ್ಯಾಗ್ ತೋಳಿನಲ್ಲಿ ತಳ್ಳಿದರೂ ಹಾರುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಮರಳು ಕೆಳಗೆ ಇಳಿದು ಕಲ್ಲಾಗಿರುವ ಬ್ಯಾಗ್ ಇನ್ನೂ ಅಪಾಯ. ಹೊಡೆಯುವ ಮುನ್ನ ಮೇಲಿಂದ ಕೆಳಗಿನವರೆಗೆ ಅಂಗೈಯಲ್ಲಿ ಒತ್ತಿ ನೋಡಿ.

ಕಾಲಿಗೆ: ಚಪ್ಪಟೆ, ತೆಳು ತಳದ ಬೂಟು. ಓಡುವ ಬೂಟಿನ ದಪ್ಪ ಮೆತ್ತನೆ ತಳ ನೆಲದಿಂದ ಬರುವ ಬಲವನ್ನು ನುಂಗುತ್ತದೆ. ಮೇಲಾಗಿ ಅದು ನೆಲವನ್ನು ಕಚ್ಚಿ ಹಿಡಿಯುವುದರಿಂದ ಪಾದ ತಿರುಗದೆ ಮಂಡಿ ತಿರುಚಿಕೊಳ್ಳುತ್ತದೆ.

ಇದಲ್ಲದೆ ಒಂದು ಕನ್ನಡಿ, ನೆಲಕ್ಕೆ ಅಂಟಿಸಲು ಟೇಪ್, ನಿಧಾನಗತಿಯ ವಿಡಿಯೊ ತೆಗೆಯುವ ಫೋನ್. ಫೋನ್ ಅನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಡೆತ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಯಾವುದು ಮೊದಲು ಹೊರಟಿತು ಎಂದು ಹೊಡೆದವನಿಗೇ ಗೊತ್ತಾಗುವುದಿಲ್ಲ.

## ಹಂತ 1: ಮುಷ್ಟಿ ಮತ್ತು ಮಣಿಕಟ್ಟು

ಮುಷ್ಟಿ ನೆಟ್ಟಗಿಲ್ಲದಿದ್ದರೆ ಮುಂದಿನ ಹಂತಗಳಲ್ಲಿ ಹುಟ್ಟುವ ಬಲವೆಲ್ಲ ನಿಮ್ಮ ಮೂಳೆಗೇ ಬಡಿಯುತ್ತದೆ. ಅದಕ್ಕೇ ಇದು ಮೊದಲು.

ನಾಲ್ಕು ಬೆರಳು ಒಳಕ್ಕೆ ಮಡಚಿ. ಹೆಬ್ಬೆರಳನ್ನು ಹೊರಗಿನಿಂದ ತೋರುಬೆರಳು ಮತ್ತು ನಡುಬೆರಳಿನ ಮೇಲೆ ಅಡ್ಡ ಇಡಿ. ಹೆಬ್ಬೆರಳು ಮುಷ್ಟಿಯ ಒಳಗೆ ಹೋಗಬಾರದು, ಮುಂದಕ್ಕೆ ಚಾಚಿಯೂ ಇರಬಾರದು. ತಾಗಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು. ಇವೆರಡರ ಹಿಂದಿನ ಮೂಳೆಗಳು ಮಣಿಕಟ್ಟಿಗೆ ಗಟ್ಟಿಯಾಗಿ ಕೂತಿರುತ್ತವೆ, ಮುಂಗೈ ಮೂಳೆಯ ನೇರಕ್ಕೂ ಬರುತ್ತವೆ. ಕಿರುಬೆರಳಿನ ಹಿಂದಿನ ಮೂಳೆ ತೆಳ್ಳಗೆ, ಅಲುಗಾಡುತ್ತದೆ. ಅದರ ಮೇಲೆ ಹೊಡೆತ ಬಿದ್ದರೆ ಮುರಿಯಬಹುದು.

ಪರೀಕ್ಷೆ ಸುಲಭ. ಗೋಡೆಗೆ ಆ ಎರಡು ಗೆಣ್ಣನ್ನು ಮಾತ್ರ ತಾಗಿಸಿ, ಮೈಭಾರವನ್ನು ನಿಧಾನವಾಗಿ ಅದರ ಮೇಲೆ ಹಾಕಿ. ಮಣಿಕಟ್ಟು ಮೇಲೆ, ಕೆಳಗೆ ಅಥವಾ ಪಕ್ಕಕ್ಕೆ ಬಾಗಿದರೆ ಸರಿಮಾಡಿಕೊಂಡು ಮತ್ತೆ ಒತ್ತಿ. ಅಂಗೈಯ ಹಿಂಭಾಗ ಮತ್ತು ಮುಂಗೈ ಒಂದೇ ಗೆರೆಯಲ್ಲಿರಬೇಕು. ದಿನಕ್ಕೆ ಎರಡು ನಿಮಿಷ ಸಾಕು.

ಪಟ್ಟಿ ಸುತ್ತುವಾಗ ಬೆರಳುಗಳನ್ನು ಅಗಲಿಸಿಕೊಂಡಿರಿ. ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಬೆರಳುಗಳ ಸಂದಿಯಲ್ಲಿ ಒಂದೊಂದು, ಹೆಬ್ಬೆರಳಿಗೆ ಒಂದು, ಉಳಿದದ್ದು ಮತ್ತೆ ಮಣಿಕಟ್ಟಿಗೆ. ಮುಷ್ಟಿ ಕಟ್ಟಿದಾಗ ಬಿಗಿಯಾಗಿ, ಬಿಟ್ಟಾಗ ಆರಾಮವಾಗಿ ಇರಬೇಕು. ಬೆರಳ ತುದಿ ಜೋಮು ಹಿಡಿದರೆ ಅಥವಾ ಬಣ್ಣ ಬದಲಾದರೆ ಬಿಚ್ಚಿ ಮತ್ತೆ ಸುತ್ತಿ.

## ಹಂತ 2: ನಿಲುವು

ಪಾದಗಳ ನಡುವೆ ಭುಜದ ಅಗಲಕ್ಕಿಂತ ಸ್ವಲ್ಪ ಹೆಚ್ಚು ಅಂತರ. ಎಡಪಾದ ಮುಂದೆ, ಸ್ವಲ್ಪ ಒಳಕ್ಕೆ ತಿರುಗಿರಲಿ. ಬಲಪಾದ ಹಿಂದೆ, ಹಿಮ್ಮಡಿ ಒಂದೆರಡು ಬೆರಳಷ್ಟು ಮೇಲೆ. ಮಂಡಿಗಳು ಸಡಿಲ. ಭಾರ ಎರಡೂ ಕಾಲಿನ ಮೇಲೆ ಹೆಚ್ಚುಕಡಿಮೆ ಸಮ.

ನೆಲದ ಮೇಲೆ ನೇರವಾಗಿ ಒಂದು ಟೇಪ್ ಅಂಟಿಸಿ. ಎಡಪಾದ ಟೇಪಿನ ಎಡಕ್ಕೆ, ಬಲಪಾದ ಟೇಪಿನ ಬಲಕ್ಕೆ ಇರಬೇಕು. ಎರಡೂ ಟೇಪಿನ ಮೇಲೆ ಬಂದರೆ ಸೊಂಟ ತಿರುಗಿದ ತಕ್ಷಣ ತೂಕ ತಪ್ಪುತ್ತದೆ. ಎರಡೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತರೆ ಹಿಂದಿನಿಂದ ಮುಂದಕ್ಕೆ ಸಾಗಿಸಲು ಜಾಗವೇ ಇರುವುದಿಲ್ಲ.

ಗದ್ದ ಕೆಳಗೆ, ಕೈ ಕೆನ್ನೆಯ ಹತ್ತಿರ, ಮೊಣಕೈ ಪಕ್ಕೆಲುಬಿನ ಹತ್ತಿರ. ಈ ನಿಲುವಿನಲ್ಲಿ ಯಾರಾದರೂ ನಿಮ್ಮ ಎದೆ ಮತ್ತು ಭುಜವನ್ನು ಮೆಲ್ಲಗೆ ತಳ್ಳಲಿ. ಹೆಜ್ಜೆ ತಪ್ಪಿದರೆ ಮಂಡಿ ಇನ್ನೂ ಸ್ವಲ್ಪ ಬಗ್ಗಿಸಿ ನಿಲ್ಲಿ.

## ಹಂತ 3: ಕೈ ಇಲ್ಲದೆ ಪಂಚ್

ಇಡೀ ಬರಹದಲ್ಲಿ ಒಂದೇ ಹಂತ ಮಾಡಲು ಸಮಯ ಇದೆ ಎಂದರೆ ಇದನ್ನೇ ಮಾಡಿ. ಬೇಜಾರಿನ ಅಭ್ಯಾಸ ಇದು, ಅದಕ್ಕೇ ಎಲ್ಲರೂ ಹಾರಿಸುತ್ತಾರೆ.

ನಿಲುವಿಗೆ ಬನ್ನಿ. ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಈಗ ಕೈ ಎಂಬುದೇ ಇಲ್ಲ ಎಂದುಕೊಂಡು ಬಲಗೈ ಹೊಡೆತ ಹೊಡೆಯಿರಿ.

1. ಬಲಪಾದದ ಮುಂಭಾಗದಿಂದ, ಹೆಬ್ಬೆರಳಿನ ಬುಡದಿಂದ, ನೆಲವನ್ನು ಹಿಂದಕ್ಕೂ ಕೆಳಕ್ಕೂ ಒತ್ತಿ.
2. ಒತ್ತಿದಂತೆ ಹಿಮ್ಮಡಿ ಹೊರಕ್ಕೆ ತಿರುಗುತ್ತದೆ, ಮಂಡಿ ಒಳಕ್ಕೆ ಬರುತ್ತದೆ.
3. ಬಲಸೊಂಟ ಮುಂದಕ್ಕೆ ನುಗ್ಗುತ್ತದೆ. ಹೊಕ್ಕುಳು ಗುರಿಯ ಕಡೆ ನೋಡಬೇಕು.
4. ಸೊಂಟ ಹೊರಟ ಮೇಲೆ ಭುಜ ಹಿಂಬಾಲಿಸುತ್ತದೆ. ಬಲಭುಜ ಗದ್ದದ ಕೆಳಗೆ ಬಂದು ನಿಲ್ಲುತ್ತದೆ.
5. ಇಷ್ಟೂ ಹೊತ್ತು ಎಡಗಾಲು ಗಟ್ಟಿಯಾಗಿ ನಿಂತು ತಡೆಯುತ್ತದೆ.

ಐದನೆಯದನ್ನು ಮತ್ತೊಮ್ಮೆ ಓದಿ. ಹಿಂಗಾಲಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಮುಂಗಾಲನ್ನು ಮರೆಯುತ್ತಾರೆ. ಮುಂಗಾಲು ಬ್ರೇಕ್ ಹಾಕಿದಾಗಲೇ ಮುಂದಕ್ಕೆ ಬರುತ್ತಿದ್ದ ಮೈಯ ವೇಗ ಮೇಲಕ್ಕೆ, ಭುಜಕ್ಕೆ ದಾಟುತ್ತದೆ. ಎಡಮಂಡಿ ಮುಂದಕ್ಕೆ ಕುಸಿದರೆ ಆ ವೇಗವೆಲ್ಲ ಮಂಡಿಯಲ್ಲೇ ಇಳಿದುಹೋಗುತ್ತದೆ. ವಿಡಿಯೊದಲ್ಲಿ ನೋಡಿ: ಹೊಡೆತದ ಕೊನೆಯಲ್ಲಿ ಎಡಮಂಡಿ ಪಾದದ ಬೆರಳುಗಳನ್ನು ದಾಟಿರಬಾರದು, ಮೂಗು ಎಡಮಂಡಿಯನ್ನು ದಾಟಿರಬಾರದು.

ಇನ್ನೊಂದು ದೊಡ್ಡ ತಪ್ಪು, ಪಾದವನ್ನು ತೋರಿಕೆಗೆ ತಿರುಗಿಸುವುದು. ಹಿಮ್ಮಡಿ ತಿರುಗಬೇಕು ಎಂದು ಕೇಳಿರುತ್ತಾರೆ, ತಿರುಗಿಸುತ್ತಾರೆ. ಆದರೆ ನೆಲ ಒತ್ತಿರುವುದೇ ಇಲ್ಲ. ಪಾದ ತಿರುಗುವುದು ಒತ್ತಿದ್ದರ ಫಲ, ಅದೇ ಕೆಲಸವಲ್ಲ. ವ್ಯತ್ಯಾಸ ತಿಳಿಯಬೇಕಾದರೆ ಗೆಳೆಯರೊಬ್ಬರು ನಿಮ್ಮ ಬಲಸೊಂಟದ ಮುಂಭಾಗಕ್ಕೆ ಅಂಗೈ ಒತ್ತಿ ಹಿಡಿಯಲಿ. ನಿಮ್ಮ ಸೊಂಟ ಆ ಕೈಯನ್ನು ಹಿಂದಕ್ಕೆ ದೂಡಬೇಕು. ಪಾದ ತಿರುಗಿತು, ಕೈ ಅಲುಗಲಿಲ್ಲ ಎಂದರೆ ನೀವು ಸುಮ್ನೆ ಕುಣಿಯುತ್ತಿದ್ದೀರಿ ಅಷ್ಟೇ.

ಮೂರನೆಯ ತಪ್ಪು, ಸೊಂಟ ಮತ್ತು ಭುಜ ಒಟ್ಟಿಗೇ ತಿರುಗುವುದು. ಸೊಂಟ ಮೊದಲು, ಭುಜ ಒಂದು ಕ್ಷಣ ತಡವಾಗಿ. ಆ ಕ್ಷಣದಲ್ಲಿ ಹೊಟ್ಟೆ ಮತ್ತು ಪಕ್ಕೆಯ ಸ್ನಾಯುಗಳು ಹಿಗ್ಗಿ, ಮರುಕ್ಷಣ ಭುಜವನ್ನು ಎಳೆದು ಎಸೆಯುತ್ತವೆ. ಒಂದು ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟುಕೊಂಡು ಕನ್ನಡಿ ಮುಂದೆ ನಿಧಾನವಾಗಿ ಮಾಡಿ. ಸೊಂಟ ಹೊರಟಾಗ ಕೋಲು ಇನ್ನೂ ಇದ್ದಲ್ಲೇ ಇರಬೇಕು.

ಪ್ರತಿ ದಿನ ಎರಡೂ ಬದಿಗೆ 30 ಸಲ, ನಿಧಾನವಾಗಿ. ಮಾರನೇ ದಿನ ಬಲಗಾಲಿನ ಮೀನಖಂಡ ಮತ್ತು ಪಕ್ಕೆ ಸ್ವಲ್ಪ ಹಿಡಿದುಕೊಂಡಿದ್ದರೆ ದಾರಿ ಸರಿಯಿದೆ. ಭುಜ ನೋಯುತ್ತಿದ್ದರೆ ಇಲ್ಲ.

## ಹಂತ 4: ತೋಳು ಸಡಿಲ ಬಿಡುವುದು

ಒದ್ದೆ ಬಟ್ಟೆ ಕೊಡವುವುದನ್ನು ನೆನಪಿಸಿಕೊಳ್ಳಿ. ಬಟ್ಟೆ ಸಡಿಲವಾಗಿ ಹೋಗಿ ಕೊನೆಯಲ್ಲಿ ಪಟ್ ಎನ್ನುತ್ತದೆ. ತೋಳೂ ಅಷ್ಟೇ ಮಾಡಬೇಕು. ಮೊದಲಿನಿಂದಲೇ ಮುಷ್ಟಿ ಬಿಗಿದು, ಭುಜ ಎತ್ತಿ ಹೊಡೆದರೆ ತೋಳನ್ನು ಮಡಚುವ ಸ್ನಾಯು ಮತ್ತು ಚಾಚುವ ಸ್ನಾಯು ಎರಡೂ ಒಂದಕ್ಕೊಂದು ಎದುರು ಎಳೆಯುತ್ತವೆ. ನೀವು ಜೋರು ಹಾಕಿದಷ್ಟೂ ಪಂಚ್ ನಿಧಾನವಾಗುತ್ತದೆ.

ಪಳಗಿದ ಹೊಡೆತಗಾರರ ಸ್ನಾಯುಗಳನ್ನು ಅಳೆದಾಗ ಎರಡು ಬಾರಿ ಬಿಗಿಯುವುದು ಕಂಡಿದೆ. ಹೊರಡುವಾಗ ಒಮ್ಮೆ, ತಾಗುವಾಗ ಇನ್ನೊಮ್ಮೆ, ನಡುವೆ ಸಡಿಲ. ಎರಡನೇ ಬಿಗಿಯೇ ತೋಳನ್ನು ಮೈಗೆ ಕಟ್ಟುತ್ತದೆ. ಆ ಕ್ಷಣದಲ್ಲಿ ಗುರಿಗೆ ತಾಗುವುದು ಬರೀ ತೋಳಿನ ತೂಕವಲ್ಲ, ಅದರ ಹಿಂದಿರುವ ಮೈತೂಕ.

ಅಭ್ಯಾಸ ಹೀಗೆ: ಅಂಗೈ ಬಿಚ್ಚಿಕೊಂಡೇ ಗಾಳಿಯಲ್ಲಿ ಹೊಡೆಯಿರಿ, ಪೂರ್ತಿ ಜೋರಿನ ಮೂರರಲ್ಲಿ ಒಂದು ಪಾಲು ಸಾಕು. ಕೊನೆಯ ನಾಲ್ಕು ಬೆರಳಷ್ಟು ದೂರದಲ್ಲಿ ಮುಷ್ಟಿ ಕಟ್ಟಿ. ಅದೇ ಹೊತ್ತಿಗೆ ಬಾಯಿಂದ "ಟ್ಸ್" ಎಂದು ಚಿಕ್ಕದಾಗಿ ಉಸಿರು ಬಿಡಿ. ಉಸಿರು ಬಿಟ್ಟಾಗ ಹೊಟ್ಟೆ ತಾನಾಗಿ ಗಟ್ಟಿಯಾಗುತ್ತದೆ. ಇಡೀ ಉಸಿರನ್ನು ಒಂದೇ ಹೊಡೆತಕ್ಕೆ ಖಾಲಿ ಮಾಡಬೇಡಿ, ಎರಡನೇ ಹೊಡೆತಕ್ಕೂ ಬೇಕಲ್ವಾ?

ಎರಡು ನಿಮಿಷದಲ್ಲೇ ಭುಜ ಉರಿಯತೊಡಗಿದರೆ ನೀವು ಇನ್ನೂ ಬಿಗಿದುಕೊಂಡಿದ್ದೀರಿ. ದವಡೆ ಗಮನಿಸಿ. ಹಲ್ಲು ಕಚ್ಚಿದ್ದರೆ ಭುಜವೂ ಬಿಗಿದಿರುತ್ತದೆ.

## ಹಂತ 5: ಕ್ರಾಸ್, ಅಂದರೆ ಹಿಂಗೈ ನೇರ ಹೊಡೆತ

ಮೊದಲು ಕಲಿಯಬೇಕಾದ ಭಾರಿ ಹೊಡೆತ ಇದು. ಹುಕ್, ಅಂದರೆ ಪಕ್ಕದಿಂದ ಬಾಗಿ ಬರುವ ಹೊಡೆತ, ನೋಡಲು ಚೆಂದ, ಆದರೆ ತಪ್ಪುಗಳನ್ನು ಬಚ್ಚಿಡುತ್ತದೆ. ಕ್ರಾಸ್‌ನಲ್ಲಿ ತಪ್ಪು ತಕ್ಷಣ ಕಾಣುತ್ತದೆ.

ಮೂರನೇ ಹಂತದ್ದನ್ನೇ ಮಾಡಿ, ಈಗ ಕೈ ಸೇರಿಸಿ. ಪಾದ ಒತ್ತಿತು, ಸೊಂಟ ಹೊರಟಿತು, ಭುಜ ತಿರುಗುತ್ತಿದೆ, ಆಗ ಮೊಣಕೈ ಪಕ್ಕೆಯಿಂದ ಬಿಡುತ್ತದೆ. ಮುಷ್ಟಿ ಕೆನ್ನೆಯಿಂದ ಗುರಿಗೆ ನೇರ ಗೆರೆಯಲ್ಲಿ ಹೋಗುತ್ತದೆ. ದಾರಿಯ ಕೊನೆಯ ಭಾಗದಲ್ಲಿ ಮಾತ್ರ ಅಂಗೈ ನೆಲಕ್ಕೆ ಮುಖಮಾಡುವಂತೆ ತಿರುಗುತ್ತದೆ. ತಾಗಿದ ಮೇಲೆ ಬಂದ ದಾರಿಯಲ್ಲೇ ವಾಪಸ್ ಕೆನ್ನೆಗೆ. ಎಡಗೈ ಇಡೀ ಹೊತ್ತು ಎಡಕೆನ್ನೆ ಬಿಟ್ಟು ಅಲುಗಬಾರದು.

ಇಲ್ಲಿ ಜನ ಎಡವುವ ಜಾಗಗಳು:

ಕೈ ಹಿಂದಕ್ಕೆ ಎಳೆದು ಹೊಡೆಯುವುದು. ಜೋರು ಬರಲಿ ಎಂದು ಮುಷ್ಟಿಯನ್ನು ಕಿವಿಯ ಹಿಂದಕ್ಕೆ ತೆಗೆಯುತ್ತಾರೆ. ಎದುರಿಗಿರುವವರಿಗೆ ಅದು ಮುನ್ಸೂಚನೆ. ಹಿಂದಕ್ಕೆ ಹೋಗಬೇಕಾದದ್ದು ಏನಾದರೂ ಇದ್ದರೆ ಸೊಂಟ, ಅದೂ ಒಂಚೂರು. ಬೆನ್ನನ್ನು ಗೋಡೆಗೆ ಒಂದು ಗೇಣು ದೂರದಲ್ಲಿಟ್ಟು ಅಭ್ಯಾಸ ಮಾಡಿದರೆ ಮೊಣಕೈ ಗೋಡೆಗೆ ತಾಗಿ ತಾನೇ ಹೇಳುತ್ತದೆ.

ಮೊಣಕೈ ಹೊರಕ್ಕೆ ಏಳುವುದು. ಮುಷ್ಟಿಯ ಹಿಂದೆ ಮುಂಗೈ ನೇರವಾಗಿಲ್ಲದಿದ್ದರೆ ಬಲ ಪಕ್ಕಕ್ಕೆ ಸೋರುತ್ತದೆ, ಮಣಿಕಟ್ಟು ಮಡಚುತ್ತದೆ. ಬಲಭಾಗ ಗೋಡೆಯ ಪಕ್ಕಕ್ಕೆ ಬರುವಂತೆ ನಿಂತು ಹೊಡೆಯಿರಿ. ಮೊಣಕೈ ಗೋಡೆ ಸವರಿದರೆ ತಪ್ಪು.

ಮೈ ಬಾಗಿಸಿ ಮುಂದಕ್ಕೆ ಬೀಳುವುದು. ದೂರ ಜಾಸ್ತಿಯಾದಾಗ ಹೀಗಾಗುತ್ತದೆ. ಸೊಂಟ ತಿರುಗುವ ಬದಲು ಬೆನ್ನು ಬಾಗುತ್ತದೆ, ಬಲಪಾದ ನೆಲ ಬಿಡುತ್ತದೆ. ನೆಲ ಬಿಟ್ಟ ಕಾಲಿನಿಂದ ಬಲ ಬರುವುದಿಲ್ಲ. ಕೈ ಚಾಚಿ ತಲುಪಲು ನೋಡಬೇಡಿ, ಅರ್ಧ ಹೆಜ್ಜೆ ಮುಂದೆ ಹೋಗಿ ಹೊಡೆಯಿರಿ.

ಗಾಳಿಯಲ್ಲಿ ಮೊಣಕೈ ಪೂರ್ತಿ ಝಾಡಿಸುವುದು. ಶ್ಯಾಡೋ ಬಾಕ್ಸಿಂಗ್‌ನಲ್ಲಿ ತಡೆಯಲು ಏನೂ ಇರುವುದಿಲ್ಲ, ಕೀಲೇ ಪೆಟ್ಟು ತಿನ್ನುತ್ತದೆ. ಗಾಳಿಯಲ್ಲಿ ಹೊಡೆಯುವಾಗ ಮೊಣಕೈ ಒಂಚೂರು ಬಾಗಿದ್ದಾಗಲೇ ವಾಪಸ್ ತೆಗೆದುಕೊಳ್ಳಿ.

ಪಕ್ಕದಿಂದ ವಿಡಿಯೊ ತೆಗೆದು ನಿಧಾನಗತಿಯಲ್ಲಿ ನೋಡಿ. ಮೊದಲು ಅಲುಗುವುದು ಬಲಹಿಮ್ಮಡಿ, ಕೊನೆಗೆ ಅಲುಗುವುದು ಮುಷ್ಟಿ. ಮುಷ್ಟಿಯೇ ಮೊದಲು ಹೊರಡುತ್ತಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ. ನಾಚಿಕೆ ಏನಿಲ್ಲ, ಬಹಳ ಜನ ಎರಡು ಮೂರು ಸಲ ಹೋಗುತ್ತಾರೆ.

## ಹಂತ 6: ಜಾಬ್, ಹುಕ್, ಅಪ್ಪರ್‌ಕಟ್

ಜಾಬ್‌ಗೆ, ಅಂದರೆ ಎಡಗೈ ನೇರ ಹೊಡೆತಕ್ಕೆ, ಬಲ ಬರುವುದು ಹೆಜ್ಜೆಯಿಂದ. ಬಲಗಾಲು ನೆಲ ತಳ್ಳಿ, ಎಡಪಾದ ನಾಲ್ಕೈದು ಇಂಚು ಮುಂದಕ್ಕೆ ಜಾರುತ್ತದೆ. ಮುಷ್ಟಿ ತಾಗುವುದು ಎಡಪಾದ ನೆಲಕ್ಕೆ ಕೂರುವ ಹೊತ್ತಿಗೆ ಅಥವಾ ಕೂದಲೆಳೆ ಮೊದಲು. ಪಾದ ಮೊದಲು ಕೂತು, ಆಮೇಲೆ ಕೈ ಹೋದರೆ ಮೈತೂಕ ಆಗಲೇ ನೆಲಕ್ಕೆ ಇಳಿದಾಗಿದೆ. "ಟಪ್-ಟಪ್" ಎಂದು ಎರಡು ಶಬ್ದ ಕೇಳಿದರೆ ತಪ್ಪು, ಒಂದೇ ಶಬ್ದ ಬರಬೇಕು.

ಎಡಗೈ ಹುಕ್‌ನಲ್ಲಿ ಭಾರ ಮೊದಲು ಎಡಗಾಲಿನ ಮೇಲೆ ಇರಬೇಕು. ಅದಕ್ಕೇ ಕ್ರಾಸ್ ಆದಮೇಲೆ ಹುಕ್ ಚೆನ್ನಾಗಿ ಬರುತ್ತದೆ, ಕ್ರಾಸ್ ನಿಮ್ಮ ಭಾರವನ್ನು ಅಲ್ಲಿಗೇ ತಂದಿಟ್ಟಿರುತ್ತದೆ. ಎಡಪಾದದ ಮುಂಭಾಗ ನೆಲ ಒತ್ತಿ, ಹಿಮ್ಮಡಿ ಹೊರಕ್ಕೆ ತಿರುಗಿ, ಎಡಸೊಂಟ ಬಲಕ್ಕೆ ಹೊರಡುತ್ತದೆ. ಭಾರ ಬಲಗಾಲಿಗೆ ದಾಟುತ್ತದೆ. ತೋಳು ಸುಮಾರು 90 ಡಿಗ್ರಿ ಮಡಚಿದ್ದು, ಮೊಣಕೈ ಮತ್ತು ಮುಷ್ಟಿ ಒಂದೇ ಎತ್ತರದಲ್ಲಿರಬೇಕು. ತೋಳು ಬೀಸುವುದಿಲ್ಲ, ಮೈ ತಿರುಗಿದಾಗ ಅದೂ ಜೊತೆಗೆ ಬರುತ್ತದೆ. ಮೈ ನಿಂತು ತೋಳು ಮಾತ್ರ ಹೋದರೆ ಭುಜದ ಮುಂಭಾಗ ನೋಯುತ್ತದೆ.

ಹುಕ್ ಅನ್ನು ದೂರದಿಂದ ಹೊಡೆಯಬೇಡಿ. ದೂರ ಹೆಚ್ಚಾದಂತೆ ತೋಳು ಬಿಚ್ಚಿಕೊಳ್ಳುತ್ತದೆ, ಕೊನೆಗೆ ಹೆಬ್ಬೆರಳಿನ ಬದಿಯೇ ಬ್ಯಾಗ್‌ಗೆ ಬಡಿಯುತ್ತದೆ. ಅಂಗೈ ನಿಮ್ಮ ಕಡೆ ಇರಬೇಕೋ ನೆಲದ ಕಡೆ ಇರಬೇಕೋ ಎಂಬ ಜಗಳ ಯಾವಾಗಲೂ ಇದ್ದದ್ದೇ. ಮಣಿಕಟ್ಟು ನೇರ ಇದ್ದು ಮೊದಲ ಎರಡು ಗೆಣ್ಣು ತಾಗುತ್ತಿದ್ದರೆ ಎರಡೂ ಸರಿ.

ಅಪ್ಪರ್‌ಕಟ್‌ಗೆ, ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗುವ ಹೊಡೆತಕ್ಕೆ, ಮಂಡಿ ಒಂಚೂರು ಬಗ್ಗಿಸಿ, ಕಾಲಿನಿಂದ ಮೇಲಕ್ಕೆ ಏಳಿ. ಕೈಯನ್ನು ಸೊಂಟದವರೆಗೆ ಇಳಿಸಬೇಡಿ. ನೆಟ್ಟಗೆ ತೂಗುವ ಬ್ಯಾಗ್ ಮೇಲೆ ಇದನ್ನು ಜೋರಾಗಿ ಅಭ್ಯಾಸ ಮಾಡುವುದು ಬೇಡ, ಮುಷ್ಟಿ ಮೇಲಕ್ಕೆ ಜಾರಿ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಕೋಚ್ ಹಿಡಿದ ಪ್ಯಾಡ್ ಇದ್ದರೆ ಒಳ್ಳೆಯದು.

## ಹಂತ 7: ಬ್ಯಾಗ್ ಹೇಳುವುದನ್ನು ಕೇಳುವುದು

ಬ್ಯಾಗ್ ಶುರು ಮಾಡಿದ ಮೊದಲ ಎರಡು ವಾರ ಅರ್ಧ ಜೋರಿನಲ್ಲಿ ಮಾತ್ರ ಹೊಡೆಯಿರಿ. ಆಮೇಲೆ ಹಂತ ಹಂತವಾಗಿ ಏರಿಸಿ. ಸ್ನಾಯುಗಳು ಬೇಗ ಹೊಂದಿಕೊಳ್ಳುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ಅದಕ್ಕಿಂತ ಜಾಸ್ತಿ ಸಮಯ ಬೇಕು. ಕೈ ಮುರಿದುಕೊಳ್ಳುವ ಹೊಸಬರು ಸಾಮಾನ್ಯವಾಗಿ ಬಲ ಇಲ್ಲದವರಲ್ಲ, ಆತುರದವರು.

ದೂರ ಹೀಗೆ ಗೊತ್ತುಮಾಡಿಕೊಳ್ಳಿ. ಮೈ ಪೂರ್ತಿ ತಿರುಗಿಸಿ ನಿಧಾನವಾಗಿ ಕ್ರಾಸ್ ಚಾಚಿ. ಮುಷ್ಟಿ ಬ್ಯಾಗ್‌ಗೆ ತಾಗಿದಾಗ ಮೊಣಕೈ ಇನ್ನೂ ಸ್ವಲ್ಪ ಬಾಗಿರಬೇಕು. ಉಳಿದ ಆ ಮೂರ್ನಾಲ್ಕು ಇಂಚು ಬ್ಯಾಗ್‌ನ ಒಳಗೆ ಹೋಗಬೇಕಾದ ದೂರ. ಗುರಿ ಬ್ಯಾಗ್‌ನ ಚರ್ಮವಲ್ಲ, ಅದರ ಒಳಗಿನ ಒಂದು ಜಾಗ.

ಈಗ ಒಂದೇ ಒಂದು ಕ್ರಾಸ್ ಹೊಡೆದು ಬ್ಯಾಗ್ ನೋಡಿ.

ಬ್ಯಾಗ್ ದೂರ ಹೋಗಿ ನಿಧಾನವಾಗಿ ತೂಗಾಡಿತು, ಶಬ್ದ ಮಂದವಾಗಿತ್ತು ಎಂದರೆ ನೀವು ತಳ್ಳಿದ್ದೀರಿ. ಮುಷ್ಟಿ ತಾಗಿದ ಮೇಲೂ ಅಲ್ಲೇ ಉಳಿದಿದೆ, ಅಥವಾ ತುಂಬಾ ಹತ್ತಿರ ನಿಂತಿದ್ದೀರಿ.

"ಪಟ್" ಎಂದು ಜೋರು ಶಬ್ದ ಬಂತು, ಬ್ಯಾಗ್ ಅಲುಗಲೇ ಇಲ್ಲ ಎಂದರೆ ತೋಳು ಮಾತ್ರ ಹೋಗಿದೆ. ವೇಗ ಇತ್ತು, ಹಿಂದೆ ಮೈ ಇರಲಿಲ್ಲ. ಈ ಶಬ್ದಕ್ಕೆ ಮರುಳಾಗುವವರು ಬಹಳ.

ಬ್ಯಾಗ್ ನಡುವೆ ತಗ್ಗಿ, ಇದ್ದಲ್ಲೇ ನಡುಗಿ, ಸರಪಳಿ ಒಮ್ಮೆ ಕುಲುಕಿತು ಎಂದರೆ ಬೇಕಾದದ್ದು ಅದೇ. ಪಾದ ಹೇಗೆ ಇತ್ತು, ದೂರ ಎಷ್ಟಿತ್ತು ಎಂದು ನೆನಪಿಟ್ಟುಕೊಂಡು ಮತ್ತೆ ಅದನ್ನೇ ತರಲು ನೋಡಿ.

ಬ್ಯಾಗ್ ಸುತ್ತ ತಿರುಗುತ್ತಿದ್ದರೆ ಹೊಡೆತ ನಡುವಿಗೆ ಬೀಳದೆ ಅಂಚಿಗೆ ಬೀಳುತ್ತಿದೆ. ಟೇಪ್‌ನಿಂದ ಒಂದು ಗುರುತು ಹಾಕಿಕೊಳ್ಳಿ.

ಬಲದ ಅಭ್ಯಾಸ ಬೇರೆ, ದಮ್ಮಿನ ಅಭ್ಯಾಸ ಬೇರೆ. ಇವೆರಡನ್ನೂ ಬೆರೆಸುವುದು ನಾನು ಕಾಣುವ ಅತಿ ಸಾಮಾನ್ಯ ಗೊಂದಲ. ಮೂರು ನಿಮಿಷ ಬಿಡದೆ ಬಡಿದರೆ ದಮ್ಮು ಬೆಳೆಯುತ್ತದೆ, ಬಲವಲ್ಲ. ಸೋತ ಮೈ ಮೊದಲು ಬಿಟ್ಟುಕೊಡುವುದು ಕಾಲನ್ನು, ಹೀಗಾಗಿ ಕೊನೆಯ ನಿಮಿಷದಲ್ಲಿ ನೀವು ತೋಳಿನ ಹೊಡೆತವನ್ನೇ ಅಭ್ಯಾಸ ಮಾಡುತ್ತೀರಿ. ಬಲಕ್ಕೆ ಬೇಕಾದದ್ದು ಹೀಗೆ: ಒಂದೊಂದೇ ಹೊಡೆತ, ಪ್ರತಿ ಹೊಡೆತದ ನಂತರ ನಿಲುವಿಗೆ ವಾಪಸ್, ಒಂದು ಉಸಿರು, ಮತ್ತೆ. ಐದರಿಂದ ಎಂಟು ಹೊಡೆತ, ಆಮೇಲೆ ಒಂದೂವರೆ ಎರಡು ನಿಮಿಷ ಬಿಡುವು. ಇಂಥ ಐದಾರು ಸರದಿ ಸಾಕು. ಇದನ್ನು ಮೈ ಬೆಚ್ಚಗಾದ ತಕ್ಷಣ, ದಣಿಯುವ ಮುನ್ನ ಮಾಡಿ. ದಮ್ಮಿನ ಸುತ್ತುಗಳು ಆಮೇಲೆ.

ಒಂಟಿ ಹೊಡೆತ ಸರಿಬಂದ ಮೇಲೆ ಜಾಬ್-ಕ್ರಾಸ್, ನಂತರ ಕ್ರಾಸ್-ಹುಕ್. ಒಂದರ ಕೊನೆಯ ಭಂಗಿಯೇ ಇನ್ನೊಂದರ ಶುರು ಆಗಬೇಕು. ನಡುವೆ ಮೈ ನಿಂತು ಮತ್ತೆ ಹೊರಟರೆ ಎರಡನೆಯದರಲ್ಲಿ ತೂಕ ಇರುವುದಿಲ್ಲ.

## ಹಂತ 8: ಜಿಮ್‌ನಲ್ಲಿ ಏನು ಮಾಡಬೇಕು

ತಂತ್ರ ಕೂತ ಮೇಲೆ ಮಾತ್ರ ಇದು. ಮೊದಲೇ ಮಾಡಿದರೆ ತಪ್ಪು ಹೊಡೆತಕ್ಕೇ ಬಲ ಸೇರುತ್ತದೆ.

ವಾರಕ್ಕೆ ಎರಡು ಸಲ ಸಾಕು. ಕಾಲು ಮತ್ತು ಸೊಂಟಕ್ಕೆ ಸ್ಕ್ವಾಟ್ ಅಥವಾ ಡೆಡ್‌ಲಿಫ್ಟ್, ಸರದಿಗೆ ಮೂರರಿಂದ ಐದು ಸಲ, ನಡುವೆ ಎರಡು ಮೂರು ನಿಮಿಷ ಬಿಡುವು. ತಿರುಗುವ ಬಲಕ್ಕೆ 2ರಿಂದ 4 ಕೆಜಿ ಮೆಡಿಸಿನ್ ಬಾಲ್ ಅನ್ನು ಪಕ್ಕದಿಂದ ಗೋಡೆಗೆ ಎಸೆಯುವುದು, ಒಂದು ಬದಿಗೆ ಐದಾರು ಸಲ. ಇಲ್ಲೂ ಪಾದ ಮೊದಲು, ಕೈ ಕೊನೆಗೆ. ಮುಂದಕ್ಕೆ ತಳ್ಳುವ ಬಲಕ್ಕೆ ನೆಲದಿಂದ ಕೈ ಚಿಮ್ಮಿ ಬಿಡುವ ಪುಷ್‌ಅಪ್. ಭುಜದ ಆರೋಗ್ಯಕ್ಕೆ ಬೆನ್ನಿನ ಕಡೆ ಎಳೆಯುವ ವ್ಯಾಯಾಮ. ಹೊಡೆತವನ್ನು ತಡೆದು ವಾಪಸ್ ತರುವುದು ಆ ಸ್ನಾಯುಗಳೇ.

ಕೈಯಲ್ಲಿ ಡಂಬೆಲ್ ಹಿಡಿದು ಶ್ಯಾಡೋ ಬಾಕ್ಸಿಂಗ್ ಮಾಡುವುದನ್ನು ಬಿಟ್ಟುಬಿಡಿ. ಡಂಬೆಲ್ ಎಳೆಯುವುದು ಕೆಳಕ್ಕೆ, ನೀವು ಹೊಡೆಯುವುದು ಮುಂದಕ್ಕೆ. ಭುಜ ಅದನ್ನು ಎತ್ತಿ ಹಿಡಿಯುವುದರಲ್ಲೇ ಸೋಲುತ್ತದೆ, ಮೊಣಕೈ ಕೀಲಿಗೂ ಏಟು.

## ವಾರ ಹಂಚಿಕೊಳ್ಳುವ ರೀತಿ

ಮೊದಲ ಎರಡು ವಾರ ಒಂದರಿಂದ ನಾಲ್ಕನೇ ಹಂತ, ದಿನಕ್ಕೆ 20 ನಿಮಿಷ. ಬ್ಯಾಗ್ ಮುಟ್ಟಬೇಡಿ. ಮುಂದಿನ ಎರಡು ವಾರ ಶ್ಯಾಡೋ ಬಾಕ್ಸಿಂಗ್‌ನಲ್ಲಿ ಕ್ರಾಸ್ ಮತ್ತು ಜಾಬ್, ಜೊತೆಗೆ ವಾರಕ್ಕೆ ಎರಡು ದಿನ ಬ್ಯಾಗ್ ಮೇಲೆ ಅರ್ಧ ಜೋರು. ಅಲ್ಲಿಂದ ಮುಂದೆ ಬಲದ ಹೊಡೆತ ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಕೈಗೆ ಬಿಡುವು. ಬಿಡುವಿನ ದಿನ ಮೂರನೇ ಹಂತ ಮಾಡಬಹುದು, ಅದರಲ್ಲಿ ಕೈಗೆ ಕೆಲಸವಿಲ್ಲ.

ಈ ವಾರಗಳು ಅಂದಾಜು ಮಾತ್ರ. ಮುಂದೆ ಹೋಗಬೇಕೋ ಬೇಡವೋ ಎಂದು ಹೇಳುವುದು ವಿಡಿಯೊ, ಕ್ಯಾಲೆಂಡರ್ ಅಲ್ಲ.

## ನಿಲ್ಲಿಸಬೇಕಾದ ಸೂಚನೆಗಳು

ಸ್ನಾಯು ಹಿಡಿದುಕೊಳ್ಳುವುದು ಸಹಜ. ಕೀಲು ಮತ್ತು ಮೂಳೆಯ ನೋವು ಸಹಜವಲ್ಲ. "ಬಿಸಿಯಾದ ಮೇಲೆ ಹೋಗುತ್ತೆ" ಎಂದು ಮುಂದುವರಿಸಿದವರೇ ತಿಂಗಳುಗಟ್ಟಲೆ ಕೂರುವುದು.

* ಕಿರುಬೆರಳು ಅಥವಾ ಉಂಗುರಬೆರಳಿನ ಗೆಣ್ಣಿನ ಹಿಂದೆ ಊತ, ಗೆಣ್ಣು ಒಳಕ್ಕೆ ಇಳಿದಂತೆ ಕಾಣುವುದು: ಮೂಳೆ ಮುರಿದಿರಬಹುದು. ಎಕ್ಸ್‌ರೇ ಮಾಡಿಸಿ.
* ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದ ಗುಳಿಯಲ್ಲಿ ಒತ್ತಿದರೆ ನೋವು: ಸ್ಕಾಫಾಯ್ಡ್ ಎಂಬ ಚಿಕ್ಕ ಮೂಳೆಯ ಬಿರುಕು ಇರಬಹುದು. ಮೊದಲ ಎಕ್ಸ್‌ರೇಯಲ್ಲಿ ಇದು ಕಾಣದೇ ಇರುವುದುಂಟು. ರಕ್ತ ಸಂಚಾರ ಕಡಿಮೆ ಇರುವ ಮೂಳೆಯಾದ್ದರಿಂದ ಕೂಡಿಕೊಳ್ಳುವುದೂ ನಿಧಾನ. ನೋವು ಹೋಗದಿದ್ದರೆ ಮತ್ತೆ ವೈದ್ಯರ ಬಳಿ ಹೋಗಿ.
* ಮುಷ್ಟಿ ಕಟ್ಟಿದಾಗ ಗೆಣ್ಣಿನ ಮೇಲಿನ ನರದಂಥ ಎಳೆ ಪಕ್ಕಕ್ಕೆ ಜಾರುವುದು, ಜೊತೆಗೆ ಊತ: ಹೊಡೆಯುವುದನ್ನು ಪೂರ್ತಿ ನಿಲ್ಲಿಸಿ ವೈದ್ಯರಿಗೆ ತೋರಿಸಿ.
* ಮಂಡಿಯ ಒಳಬದಿ ನೋವು: ಪಾದ ನೆಲಕ್ಕೆ ಅಂಟಿಕೊಂಡು ಮಂಡಿ ತಿರುಚುತ್ತಿದೆ. ಬೂಟು ಮತ್ತು ಮೂರನೇ ಹಂತ ನೋಡಿಕೊಳ್ಳಿ.
* ಬೆನ್ನಿನ ಕೆಳಭಾಗದಲ್ಲಿ ನೋವು: ಪಾದ, ಸೊಂಟ ತಿರುಗದೆ ಬೆನ್ನೊಂದೇ ತಿರುಗುತ್ತಿದೆ.
* ಕೈಬೆರಳುಗಳಲ್ಲಿ ಆಗಾಗ ಜೋಮು: ಪಟ್ಟಿಯ ಬಿಗಿ ಕಡಿಮೆ ಮಾಡಿದ ಮೇಲೂ ಉಳಿದರೆ ವೈದ್ಯರಿಗೆ ತೋರಿಸಿ.

ಸ್ಪಾರಿಂಗ್‌ಗೆ, ಅಂದರೆ ಜೊತೆಗಾರರ ಎದುರು ನಿಂತು ಮಾಡುವ ಅಭ್ಯಾಸಕ್ಕೆ, ಬೇರೆ ನಿಯಮ. ಇಲ್ಲಿ ಕಲಿತ ಬಲವನ್ನು ಜೊತೆಗಾರರ ತಲೆಯ ಮೇಲೆ ಪರೀಕ್ಷಿಸುವಂತಿಲ್ಲ. ಎಷ್ಟು ಜೋರು ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ, ಕೋಚ್ ಇಲ್ಲದೆ ಮಾಡಬೇಡಿ. ತಲೆಗೆ ಏಟು ಬಿದ್ದ ಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಜು ದೃಷ್ಟಿ ಯಾವುದೇ ಕಂಡರೂ ಅವತ್ತಿನ ಅಭ್ಯಾಸ ಅಲ್ಲಿಗೇ ಮುಗಿಯಿತು, ವೈದ್ಯರು ಒಪ್ಪುವವರೆಗೆ ವಾಪಸ್ ಬರಬಾರದು. ತಲೆನೋವು ಏರುತ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ ಅಥವಾ ಎಚ್ಚರ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಂಥವರನ್ನು ಒಬ್ಬರನ್ನೇ ಮನೆಗೆ ಕಳಿಸಬೇಡಿ.